ಕಾಲು ಬಂದ ಮಣೆ

ಅವನನ್ನು ಊರೆಲ್ಲ ಕರೆಯುತ್ತಿದ್ದದ್ದು ಕುರ್ಚಿ ಎಂದೇ. ಹೆಂಗಸರ ಬಾಯಲ್ಲಿ ಕುರ್ಚಿ ಅಣ್ಣ, ವಯಸ್ಸಾದ ಮೇಲೆ ಎಲ್ಲರ ಬಾಯಲ್ಲೂ ಕುರ್ಚಿಯಜ್ಜ. ಹೆತ್ತವರು ಇಟ್ಟ ಹೆಸರು ಇರಲಿಲ್ಲವೆಂದಲ್ಲ, ಇತ್ತು. ಆದರೆ ಒಂದೇ ಒಂದು ಕುರ್ಚಿ ಆ ಹೆಸರನ್ನು ನುಂಗಿ ನೀರು ಕುಡಿಯಿತು. ಅದೂ ಚೆನ್ನಾಗಿ ಮಾಡಿದ ಕುರ್ಚಿಯಲ್ಲ, ಕೆಟ್ಟುಹೋದ ಕುರ್ಚಿ. ಜನರಿಗೆ ಬೇರೆ ಕೆಲಸ ಏನಿದೆ ಹೇಳಿ! ಒಬ್ಬ ಬಡಗಿ ಜೀವಮಾನವೆಲ್ಲ ನೆಟ್ಟಗಿನ ಬಾಗಿಲು, ಗಟ್ಟಿ ತೊಟ್ಟಿಲು, ಇರುವೆ ನುಸುಳದ ಪೆಟ್ಟಿಗೆ ಮಾಡಿಕೊಟ್ಟರೂ ಇವರಿಗೆ ನೆನಪಿರುವುದು ಅವನು ಎಡವಿದ ಒಂದು ಕೆಲಸ ಮಾತ್ರ.

ಅವನ ಅಪ್ಪ ದೊಡ್ಡ ಬಡಗಿ. ಮೈಯಲ್ಲಿ ಕಡ್ಡಿ, ಮಾತಿನಲ್ಲಿ ತೊಲೆ. ನದಿ ದಂಡೆಯಿಂದ ಮೇಲಕ್ಕೆ ಹತ್ತುವ ಕಸುಬಿನವರ ಬೀದಿಯಲ್ಲಿ ಎಡಗಡೆಯ ಸಾಲಿನಲ್ಲಿ ಅವರ ಮನೆ. ಮುಂದೆ ಕೆಲಸದ ಮನೆ, ಹಿಂದೆ ಅಡುಗೆಮನೆ, ನಡುವೆ ಒಂದು ಗೋಡೆ. ಪಕ್ಕದ್ದು ಕಮ್ಮಾರರ ಕುಲುಮೆ. ಅಲ್ಲಿಯ ಕಿರಿಯ ಕಮ್ಮಾರನೂ ನಮ್ಮ ಕುರ್ಚಿಯೂ ಒಂದೇ ಕೆಸರಿನಲ್ಲಿ ಹೊರಳಾಡಿ ಬೆಳೆದವರು. ಇವನ ಉಳಿಗೆ ಅವನು ಸಾಣೆ ಹಿಡಿಯಬೇಕು, ಅವನ ಸುತ್ತಿಗೆಗೆ ಇವನು ಹಿಡಿ ಹಾಕಬೇಕು. ಬೈದುಕೊಳ್ಳದೆ ಒಂದು ದಿನ ಕಳೆದರೆ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದಿದೆ ಎಂದು ಮನೆಯವರು ತಿಳಿದುಕೊಳ್ಳುತ್ತಿದ್ದರು.

ದೊಡ್ಡ ಬಡಗಿಯ ಕೆಲಸಕ್ಕೆ ಒಂದು ಕ್ರಮವಿತ್ತು. ಯಾವ ವಸ್ತುವನ್ನಾದರೂ ಅದನ್ನು ಬಳಸುವ ಮನುಷ್ಯನ ಮೈ ಅಳೆಯದೆ ಮಾಡುತ್ತಿರಲಿಲ್ಲ. ತೊಟ್ಟಿಲಿಗೆ ತಾಯಿಯ ಮೊಳಕೈ, ಹೊಸ್ತಿಲಿಗೆ ಮನೆಯ ಹಿರಿಯರ ಹೆಜ್ಜೆ, ಮಂಚಕ್ಕೆ ಮಲಗುವವನ ನೆತ್ತಿಯಿಂದ ಹಿಮ್ಮಡಿ. ಅಳತೆಗೆ ಒಂದು ದಾರ, ದಾರಕ್ಕೆ ಗಂಟು, ಅಷ್ಟೇ. ಕೂರುವ ಮಣೆ ಬೇಕೆಂದು ಬಂದವರನ್ನು ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ದಾರ ಹಿಡಿಯುತ್ತಿದ್ದ. ಆಗ ಆ ಊರಿನಲ್ಲಿ ಕೂರುವುದು ಎಂದರೆ ಕಾಲು ಮಡಚುವುದು. ಬೇರೆ ರೀತಿ ಕೂರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಬೀದಿಯಲ್ಲಿ ಜಗಳವಾದರೆ, ಬಾವಿಯ ಸರದಿ ತಪ್ಪಿದರೆ ಎಲ್ಲರೂ ಬಂದು ಕೂರುತ್ತಿದ್ದದ್ದು ಅದೇ ಕೆಲಸದ ಮನೆಯಲ್ಲಿ, ಮರದ ಹೊಟ್ಟಿನ ಮೇಲೆ. ಎಲ್ಲರೂ ಮಾತಾಡಿ ಮುಗಿಯುವವರೆಗೆ ಯಾರೂ ಏಳಬಾರದು. ಕೆಲವು ಸಲ ಬೆಳಿಗ್ಗೆ ಕೂತವರು ಮಧ್ಯಾಹ್ನದ ಊಟಕ್ಕೂ ಏಳುತ್ತಿರಲಿಲ್ಲ. ಕಾಲು ಜೋಮು ಹಿಡಿದೇ ಎಷ್ಟೋ ಜಗಳ ಬಗೆಹರಿದವು ಎಂದು ಕಿರಿಯ ಕಮ್ಮಾರ ಹೇಳುತ್ತಿದ್ದ. ಸುಳ್ಳೇನಲ್ಲ.

ಹೀಗಿರುವಾಗ ಪರದೇಶದವರು ಬಂದರು. ಮೊದಲು ಹಡಗಿನಲ್ಲಿ ವ್ಯಾಪಾರಕ್ಕೆ, ಆಮೇಲೆ ಕುದುರೆಯ ಮೇಲೆ ಕಾವಲಿಗೆ, ಕೊನೆಗೆ ಸಾಮಾನು ಸರಂಜಾಮು ಕಟ್ಟಿಕೊಂಡು ಆಳುವುದಕ್ಕೇ. ಗುಡ್ಡದ ಮೇಲೆ ಕಚೇರಿ ಎದ್ದಿತು. ಅದರ ಯಜಮಾನನನ್ನು ಜನ ದೊರೆ ಎಂದರು. ದೊರೆಗೂ ಊರಿಗೂ ನಡುವೆ ಒಬ್ಬ ದುಭಾಷಿ. ನಮ್ಮವನೇ, ಬಂದರಿನಲ್ಲಿ ನಾಲ್ಕು ಕಾಲ ಇದ್ದು ಅವರ ಮಾತು ಕಲಿತು ಬಂದವನು. ಬೂಟು ಹಾಕಿದ ಮೇಲೆ ಅವನ ನಡಿಗೆಯೇ ಬದಲಾಗಿತ್ತು, ಕಾಲು ಕಚ್ಚುತ್ತದೆ ಎಂದು ಮಾತ್ರ ಯಾರಿಗೂ ಹೇಳಿಕೊಳ್ಳಲಿಲ್ಲ.

ಆ ದುಭಾಷಿ ಒಂದು ದಿನ ಕೆಲಸದ ಮನೆಯ ಬಾಗಿಲಿಗೆ ಬಂದು ನಿಂತ.

“ದೊರೆಗೆ ಒಂದು ಕುರ್ಚಿ ಬೇಕು. ಅವರ ಸಾಮಾನೆಲ್ಲ ಇನ್ನೂ ಬಂದರಿನಲ್ಲೇ ಬಿದ್ದಿದೆ. ಅಲ್ಲೀವರೆಗೂ ಪೆಟ್ಟಿಗೆ ಮೇಲೆ ಕೂರೋಕಾಗತ್ತಾ?”

“ಕುರ್ಚಿ ಅಂದ್ರೆ?” ಎಂದ ದೊಡ್ಡ ಬಡಗಿ.

“ಮಣೆ ಇದ್ದ ಹಾಗೇ. ನಾಲ್ಕು ಕಾಲಿರತ್ತೆ, ಬೆನ್ನಿಗೆ ಆಸರೆ, ಪಕ್ಕದಲ್ಲಿ ಕೈಯಿಡೋಕೆ ಕೈ. ದೊಡ್ಡ ಮನುಷ್ಯರು ಗೌರವವಾಗಿ ಕೂರೋ ಅಂಥದ್ದು.”

“ಸರಿ, ಅವರನ್ನ ಕರ್ಕೊಂಡು ಬಾ. ಅಳೀಬೇಕು.”

ದುಭಾಷಿಯ ಮುಖ ಕಪ್ಪಿಟ್ಟಿತು. “ದೊರೆ ಮೈ ಮುಟ್ತೀಯಾ? ತಲೆಗಿಲೆ ಕೆಟ್ಟಿದೆಯಾ ನಿನಗೆ?”

“ಅಳೀದೆ ಮಾಡೋದು ನನಗೆ ಗೊತ್ತಿಲ್ಲಪ್ಪ” ಎಂದು ದೊಡ್ಡ ಬಡಗಿ ಉಜ್ಜುಗೊರಡು ಎತ್ತಿಕೊಂಡ. ಅವನ ಮಟ್ಟಿಗೆ ಮಾತು ಮುಗಿಯಿತು.

ಮಗನಿಗೆ ಮಾತ್ರ ಕೈ ತುರಿಸುತ್ತಿತ್ತು. ಹೊಸದೊಂದನ್ನು ಮಾಡಬೇಕೆನ್ನುವ ಹುರುಪು, ಮದುವೆಯೂ ಹೊಸತು, ಹೆಂಡತಿಯ ಎದುರು ಜಂಬ ಬೇರೆ. “ನಾನು ಮಾಡಿಕೊಡ್ತೀನಿ” ಎಂದುಬಿಟ್ಟ. ಆ ಸಂಜೆ ತಾನೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹೆಂಡತಿಯ ಕೈಗೆ ದಾರ ಕೊಟ್ಟ. ಅವಳು ಮಂಡಿಯಿಂದ ಮಂಡಿಗೆ ಹಿಡಿದು ಗಂಟು ಹಾಕಿದಳು.

“ದೊರೆ ನಿಮಗಿಂತ ದಪ್ಪ ಅಲ್ವಾ? ಒಂದು ಗೇಣು ಜಾಸ್ತಿ ಹಿಡೀತೀನಿ” ಎಂದಳು.

“ಹಿಡಿ ಹಿಡಿ. ಆರಾಮಾಗಿ ಕೂರಲಿ.”

ಕುರ್ಚಿ ತಯಾರಾಯಿತು. ಒಳ್ಳೆಯ ಕಪ್ಪು ಮರ, ಒಂದು ಮೊಳೆಯಿಲ್ಲ, ಎಲ್ಲ ಕಚ್ಚು ಹಾಕಿ ಕೂಡಿಸಿದ್ದು. ಅಗಲವೆಂದರೆ ಅಗಲ! ಇಬ್ಬರು ಹೊತ್ತುಕೊಂಡು ಹೋಗುವಾಗ ದಾರಿಯಲ್ಲಿ ಯಾರೋ ಇದು ಮಂಚವೋ ಪಲ್ಲಕ್ಕಿಯೋ ಎಂದು ಕೇಳಿದರಂತೆ. ಕಚೇರಿಯ ಪಡಸಾಲೆಯಲ್ಲಿ ದೊರೆ ಬಂದು ಕೂತ. ಬೆನ್ನು ಆಸರೆಗೆ ತಾಗಲಿ ಎಂದು ಹಿಂದೆ ಸರಿದ, ಇನ್ನೂ ಹಿಂದೆ ಸರಿದ. ಬೆನ್ನು ತಾಗಿದಾಗ ಬೂಟುಗಾಲುಗಳೆರಡೂ ಗೊಂಬೆಯ ಕಾಲಿನ ಹಾಗೆ ಮುಂದಕ್ಕೆ ಚಾಚಿಕೊಂಡು ನಿಂತವು. ಮುಂದೆ ಬಂದರೆ ಕಾಲು ನೆಲಕ್ಕೆ ತಾಗುತ್ತದೆ, ಬೆನ್ನಿಗೆ ಗಾಳಿ. ಕೈಯಿಡುವ ಕೈಗಳು ಎಷ್ಟು ದೂರವೆಂದರೆ ಎರಡನ್ನೂ ಒಟ್ಟಿಗೆ ಹಿಡಿಯಲು ಈಜುವವನ ಹಾಗೆ ತೋಳು ಚಾಚಬೇಕು. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ದೊರೆ ನಕ್ಕ ಮೇಲೆ ದುಭಾಷಿ ನಕ್ಕ, ದುಭಾಷಿ ನಕ್ಕ ಮೇಲೆ ಜವಾನರು ನಕ್ಕರು. ಅಂದಿನಿಂದ ಅವನಿಗೆ ಆ ಹೆಸರು.

ಕುರ್ಚಿ ವಾಪಸು ಬಂತು. ಹೆಂಡತಿ ಅದರ ಮೇಲೆ ಒಗೆದ ಬಟ್ಟೆ ಗುಡ್ಡೆ ಹಾಕಿದಳು. ಮಗು ಹುಟ್ಟಿದ ಮೇಲೆ ಮಗುವನ್ನು ಮಲಗಿಸಿದಳು. ದೊಡ್ಡ ಬಡಗಿ ಅದರತ್ತ ತಿರುಗಿಯೂ ನೋಡಲಿಲ್ಲ. ಮಗ ತಲೆ ತಗ್ಗಿಸಿಕೊಂಡು ಓಡಾಡುವುದನ್ನು ನೋಡಿ ಒಂದು ದಿನ ಇಷ್ಟು ಮಾತ್ರ ಹೇಳಿದ: “ಕೆಲಸ ತಪ್ಪಿಲ್ಲ ಕಣೋ. ಅಳತೆ ಬೇರೆಯವನದು, ಅಷ್ಟೇ.”

ಮುಂದೆ ಬಂದರಿನಿಂದ ದೊರೆಯ ನಿಜವಾದ ಕುರ್ಚಿಗಳು ಬಂದವು. ಇಕ್ಕಟ್ಟಾದವು, ಎತ್ತರದವು. ಮಗ ಅದರಲ್ಲೊಂದನ್ನು ತಲೆಕೆಳಗು ಮಾಡಿ, ದಾರ ಹಿಡಿದು, ತದ್ರೂಪು ಮಾಡತೊಡಗಿದ. ಕಚೇರಿಗೆ ಬೇಕಾದ ಕುರ್ಚಿಗಳೆಲ್ಲ, ಒಂದು ಉದ್ದನೆಯ ಮೇಜೂ ಅವನ ಕೈಯಿಂದಲೇ ಆದವು. ದೊರೆ ಈಗ ನಗಲಿಲ್ಲ, ಬೆನ್ನು ತಟ್ಟಿದ. ಆದರೆ ಕಚೇರಿಯಲ್ಲಿ ಒಂದು ನಿಯಮವಿತ್ತು. ದೊರೆ ಕೂರು ಎಂದವರು ಮಾತ್ರ ಕುರ್ಚಿಯಲ್ಲಿ ಕೂರಬೇಕು, ಉಳಿದವರು ನಿಲ್ಲಬೇಕು. ಮಾಡಿದವನಿಗೆ ಕೂರು ಎಂದು ಯಾರೂ ಹೇಳಲಿಲ್ಲ. ಅವನು ನಿಂತುಕೊಂಡೇ ಕಾಲು ಅಲುಗಾಡುತ್ತದೆಯೇ ಎಂದು ಅಲ್ಲಾಡಿಸಿ ನೋಡಿ ಬರುತ್ತಿದ್ದ.

ದೊಡ್ಡ ಬಡಗಿ ಅದಕ್ಕೂ ಒಂದು ಮಾತು ಹೇಳಿದ್ದ. “ಕಾಲು ಕೆಳಗೆ ಬಿಟ್ಕೊಂಡು ಕೂತವನು ಎದ್ದು ಹೋಗೋಕೆ ತಯಾರಾಗಿರ್ತಾನೆ. ಅವನ ಹತ್ರ ಏನು ಮಾತಾಡೋದು? ನಾನಂತೂ ಅದರ ಮೇಲೆ ಕೂರಲ್ಲ, ಸತ್ತರೂ ಕೂರಲ್ಲ.” ಆಗ ಎಲ್ಲರೂ ನಕ್ಕು ಬಿಟ್ಟುಬಿಟ್ಟರು. ಅವನನ್ನು ಕೂರು ಎಂದು ಕರೆದವರಾದರೂ ಯಾರಿದ್ದರು?

ಕರೆಯುವ ಕಾಲವೂ ಬಂತು. ನದಿ ದಂಡೆಯಿಂದ ಗುಡ್ಡದ ಮೇಲಿನ ಕಚೇರಿಗೆ ದೊಡ್ಡ ಗಾಡಿಗಳು ಹೋಗುವಂಥ ರಸ್ತೆ ಹಾಕುತ್ತಾರೆಂದು ಸುದ್ದಿ ಹರಡಿತು. ನದಿಯಿಂದ ಗುಡ್ಡಕ್ಕೆ ಇರುವ ದಾರಿ ಯಾವುದು? ಕಸುಬಿನವರ ಬೀದಿ. ಎರಡು ಕಡೆಯ ಮನೆಗಳೂ ಹೋಗುತ್ತವೆ ಎಂದರು. ಬೀದಿಗೆ ಬೀದಿಯೇ ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿತು. ಆದರೆ ದೊರೆಗೂ ಹೊಸ ವಿಚಾರಗಳಿದ್ದವು. ಊರ ಸಭೆ ಎಂದು ಒಂದನ್ನು ಮಾಡಿದ. ಊರಿನ ನಾಲ್ವರು ಹಿರಿಯರು ಕಚೇರಿಯ ಮೇಜಿನ ಸುತ್ತ ಕೂತು ತಮ್ಮವರ ಪರವಾಗಿ ಮಾತಾಡಬಹುದು, ಕೇಳಿಸಿಕೊಂಡು ತೀರ್ಮಾನ ಮಾಡುತ್ತೇನೆ ಎಂದ. ಕಸುಬಿನವರ ಪರವಾಗಿ ದೊಡ್ಡ ಬಡಗಿಯಲ್ಲದೆ ಇನ್ನಾರು?

ಅವನು ಹೋದ. ಉಳಿದ ಹಿರಿಯರು ಕುರ್ಚಿಯ ಅಂಚಿನಲ್ಲಿ, ಬೀಳುತ್ತೇವೇನೋ ಎನ್ನುವಂತೆ ಕೂತರು. ದೊಡ್ಡ ಬಡಗಿ ನೆಲದ ಮೇಲೆ ಕಾಲು ಮಡಚಿ ಕೂತುಬಿಟ್ಟ. ದುಭಾಷಿ ಕಣ್ಸನ್ನೆ ಮಾಡಿದ, ಕೈಸನ್ನೆ ಮಾಡಿದ. ಊಹೂಂ. ಸಭೆ ನಡೆಯಿತು. ಮಾತೆಲ್ಲ ಅವನ ತಲೆಯ ಮೇಲೆ ಹಾದುಹೋಯಿತು. ರಸ್ತೆಯ ನಕ್ಷೆ ಮೇಜಿನ ಮೇಲಿತ್ತು, ಅವನಿದ್ದದ್ದು ಮೇಜಿನ ಕೆಳಗೆ. ಎರಡು ಸಲ ಬಾಯಿ ತೆರೆದ, ದನಿ ಎಲ್ಲಿಂದ ಬಂತೆಂದು ದೊರೆ ಕಿಟಕಿಯ ಕಡೆ ನೋಡಿದ.

ಸಂಜೆ ಬೀದಿಯವರೆಲ್ಲ ಕೆಲಸದ ಮನೆಯಲ್ಲಿ ಕಾದು ಕೂತಿದ್ದರು.

“ಏನಂತೆ ಹಿರಿಯಪ್ಪ? ನಕ್ಷೆ ನೋಡಿದ್ರಾ?” ಎಂದ ಕಿರಿಯ ಕಮ್ಮಾರ.

“ನಕ್ಷೆ ಕಾಣಿಸ್ಲಿಲ್ಲ.” ದೊಡ್ಡ ಬಡಗಿ ಮಗನ ಕಡೆ ತಿರುಗಿದ. “ಮೇಜಿನ ತಳ ನೋಡಿದೆ. ಒಳಗಡೆ ಕಚ್ಚೆಲ್ಲ ಚೆನ್ನಾಗಿ ಕೂಡಿಸಿದ್ದೀಯ. ಯಾರೂ ನೋಡದ ಜಾಗ ಅಂತ ಕಳ್ಳಾಟ ಮಾಡಿಲ್ಲ.”

ಅಪ್ಪನ ಬಾಯಿಂದ ಅವನು ಕೇಳಿದ ಮೊದಲ ಹೊಗಳಿಕೆ ಅದು. ಯಾವ ಹೊತ್ತಿನಲ್ಲಿ ಬಂತು ನೋಡಿ! ಸಂತೋಷಪಡಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ.

“ಅಯ್ಯೋ ಶಿವನೇ, ನಿಮ್ಮನ್ನ ಮೇಜಿನ ತಳ ನೋಡ್ಕೊಂಡು ಬರೋಕೆ ಕಳಿಸಿದ್ವಾ?” ಎಂದು ಕಮ್ಮಾರ ಹಣೆ ಚಚ್ಚಿಕೊಂಡ. “ಬರೋ ಸಭೇಲಿ ತೀರ್ಮಾನ ಆಗೋಗತ್ತೆ. ನಮ್ಮ ಕುಲುಮೆ, ನಿಮ್ಮ ಮನೆ, ಎಲ್ಲ ಹೋಗತ್ತೆ. ಒಂದು ಸಲ ಆ ಹಾಳು ಕುರ್ಚಿ ಮೇಲೆ ಕೂತ್ರೆ ನಿಮ್ಮ ಗಂಟೇನು ಹೋಗತ್ತೆ?”

ಎಲ್ಲರೂ ಹೋದ ಮೇಲೂ ದೊಡ್ಡ ಬಡಗಿ ಹಾಗೇ ಕೂತಿದ್ದ. ಹಟವೆಂದರೆ ಹಟ ಎನ್ನಬೇಕು, ಆದರೆ ಅವನ ಕಣ್ಣಿನಲ್ಲಿದ್ದದ್ದು ಹಟವಷ್ಟೇ ಅಲ್ಲ. ಸೊಸೆ ಊಟಕ್ಕೆ ಕರೆದಾಗ ಮೆಲ್ಲಗೆ ಹೇಳಿದ, “ಕಾಲು ನೇತಾಡ್ತಾ ಇದ್ರೆ ನನಗೆ ಮಾತು ಬರಲ್ಲಮ್ಮ. ಪ್ರಯತ್ನ ಮಾಡಿ ನೋಡಿದೀನಿ. ಯಾರೂ ಇಲ್ಲದಾಗ ಇವನು ಕಚೇರಿಗೆ ಅಂತ ಮಾಡಿದ ಕುರ್ಚಿ ಮೇಲೆ ಕೂತು ನೋಡಿದೀನಿ. ತಲೆ ಖಾಲಿ ಆಗತ್ತೆ.”

ಸೊಸೆ ಗಂಡನ ಮುಖ ನೋಡಿದಳು. ಆಮೇಲೆ ಮೂಲೆಗೆ ಹೋಗಿ, ಮಲಗಿದ್ದ ಮಗುವನ್ನು ಎತ್ತಿಕೊಂಡು, ಬಟ್ಟೆ ಗುಡ್ಡೆಯನ್ನು ನೆಲಕ್ಕೆ ಸುರಿದು, ಆ ಅಗಲದ ಕುರ್ಚಿಯನ್ನು ಕಾಲಿನಿಂದಲೇ ಮುಂದಕ್ಕೆ ನೂಕಿದಳು.

“ಇದೇನು ಪಾಪ ಮಾಡಿತ್ತು ಮಾವ?”

ಮಾರನೆಯ ಬೆಳಿಗ್ಗೆ ಮಗ ದಾರ ಹಿಡಿದುಕೊಂಡು ಅಪ್ಪನ ಎದುರು ಕೂತ. ಊರಿಗೆಲ್ಲ ಅಳತೆ ತೆಗೆದ ಮುದುಕನ ಅಳತೆಯನ್ನು ಯಾರೂ ತೆಗೆದಿರಲಿಲ್ಲ. ದಾರ ಮಂಡಿಗೆ ತಾಗಿದಾಗ ಅವನು ಕಚಗುಳಿಯಾದವನಂತೆ ಒಂದು ಸಲ ನಡುಗಿದ. ಎಡ ಮಂಡಿ ಬಲಕ್ಕಿಂತ ಮೇಲೆ ನಿಲ್ಲುತ್ತದೆ, ಬೆನ್ನು ಸ್ವಲ್ಪ ಬಾಗಿದೆ ಎಂದು ಮಗನಿಗೆ ಆಗಲೇ ಗೊತ್ತಾದದ್ದು. ಇಷ್ಟು ದಿನ ಪಕ್ಕದಲ್ಲೇ ಕೂತು ಕೆಲಸ ಮಾಡಿದರೂ ನೋಡಿರಲಿಲ್ಲವಲ್ಲ ಎಂದುಕೊಂಡ. ಕುರ್ಚಿಯ ಅಗಲ ಸ್ವಲ್ಪ ಇಳಿಸಿದ, ಎಡಗಡೆ ಹಲಗೆಯನ್ನು ಉಜ್ಜಿ ತಗ್ಗು ಮಾಡಿದ, ಬೆನ್ನಿನ ಆಸರೆಯನ್ನು ಮುಂದಕ್ಕೆ ತಂದ. ಮೇಜಿನ ಎತ್ತರ ಅವನ ದಾರದಲ್ಲೇ ಇತ್ತು, ಕಾಲುಗಳನ್ನು ಅದಕ್ಕೆ ಹೊಂದಿಸಿದ.

ದೊಡ್ಡ ಬಡಗಿ ಹತ್ತಿ ಕೂತ. ಒಂದು ಕಾಲು ಮಡಚಿದ, ಇನ್ನೊಂದು ಕಾಲು ಮಡಚಿದ. ಅತ್ತಿತ್ತ ಅಲುಗಾಡಿದ. ಕುರ್ಚಿ ಕುಂಯ್ ಎನ್ನಲಿಲ್ಲ.

“ಇದು ಕುರ್ಚಿ ಅಲ್ಲ ಬಿಡು” ಎಂದ ಮುದುಕ. “ಮಣೆಗೆ ಕಾಲು ಬಂದಿದೆ.”

ಸೊಸೆ ಗೋಡೆಯ ಆಚೆ ನಗುವುದು ಕೇಳಿಸಿತು.

ಸಭೆಯ ದಿನ ಮಗನೂ ಕಮ್ಮಾರನೂ ಕುರ್ಚಿ ಹೊತ್ತು ಬೀದಿಯುದ್ದಕ್ಕೂ ನಡೆದರು. ಬಾಗಿಲು ಬಾಗಿಲಲ್ಲೂ ಜನ. ಈ ಸಲ ಯಾರೂ ಪಲ್ಲಕ್ಕಿಯೇ ಎಂದು ಕೇಳಲಿಲ್ಲ. ಕಚೇರಿಯಲ್ಲಿ ದೊರೆ ಅದನ್ನು ನೋಡಿದ್ದೇ ಗುರುತು ಹಿಡಿದು ಬಾಯಿ ತುಂಬ ನಕ್ಕ. ಮುದುಕ ಹತ್ತಿ ಕಾಲು ಮಡಚಿ ಕೂತು ಮೇಜಿನ ಮೇಲೆ ಎರಡೂ ಅಂಗೈ ಊರಿದಾಗ ಆ ನಗು ನಿಂತಿತು. ಮುಖಕ್ಕೆ ಮುಖ ಸಮವಾಗಿತ್ತು. ಹೊತ್ತು ತಂದ ಇಬ್ಬರೂ ಹೊರಗೆ ಹೋಗಬೇಕೆಂದರು. ಕಮ್ಮಾರ ಮೆಟ್ಟಿಲಿಳಿದು ಹೋಗಿ ಅಂಗಳದಲ್ಲಿ ಕೂತ, ಮಗ ಬಾಗಿಲ ಸಂದಿಯಲ್ಲೇ ನಿಂತ.

ನಕ್ಷೆ ನೋಡಿದ್ದೇ ದೊಡ್ಡ ಬಡಗಿಗೆ ಎಲ್ಲ ಅರ್ಥವಾಯಿತು. ಗೆರೆ ಎಳೆದೇ ಬದುಕಿದವನಲ್ಲವೇ! ಇಲ್ಲಿ ಬಾವಿ, ಇದು ತಿರುವು, ಇಲ್ಲಿ ನೆಲ ಕುಸಿಯುತ್ತದೆ, ಗಾಡಿ ಹೂತುಹೋಗುತ್ತದೆ ಎಂದು ಬೆರಳಿಟ್ಟು ತೋರಿಸಿದ. ದುಭಾಷಿ ಅವನ ಮಾತನ್ನು ಹಿಂಬಾಲಿಸಲಾರದೆ ಬೆವರಿದ. ದೊರೆ ಮುಂದಕ್ಕೆ ಬಾಗಿ ಕೇಳಿಸಿಕೊಂಡ, ತನ್ನವರೊಂದಿಗೆ ಮಾತಾಡಿದ, ಒಂದು ಗೆರೆ ಅಳಿಸಿದ. ಬಾಗಿಲಲ್ಲಿದ್ದ ಮಗನ ಎದೆ ಉಬ್ಬಿತು.

ಕೊನೆಗೆ ದುಭಾಷಿ ಹೇಳಿದ, “ದೊರೆ ಒಪ್ಪಿದ್ದಾರೆ. ಎರಡೂ ಸಾಲು ಕೆಡವೋದು ಬೇಡ. ರಸ್ತೆ ಸ್ವಲ್ಪ ಕಿರಿದು ಮಾಡ್ತಾರೆ. ಒಂದು ಸಾಲು ಉಳಿಯತ್ತೆ.”

“ಒಂದೇನಾ?”

“ಒಂದೇ. ಯಾವುದು ಉಳೀಬೇಕು ಅಂತ ನೀನೇ ಹೇಳು ಅಂತಿದ್ದಾರೆ.”

ದೊಡ್ಡ ಬಡಗಿ ಮೇಜಿನಿಂದ ಕೈ ತೆಗೆದ. “ಬೀದಿಯವರನ್ನ ಕೇಳಿ ಬರ್ತೀನಿ.”

“ಅದೆಲ್ಲ ಆಗಲ್ಲ. ಸಭೆ ಈಗ ಮುಗೀಬೇಕು. ನೀನು ಹೇಳ್ದಿದ್ರೆ ಮೊದಲಿನ ನಕ್ಷೆನೇ.”

ಕಾಲು ಮಡಚಿ ಕೂತವನು ಮಾತು ಮುಗಿಸಿಯೇ ಏಳಬೇಕು, ಅದು ಅವನದೇ ನಿಯಮ. ಆದರೆ ಸುತ್ತ ಕೂತು ಮಾತಾಡಬೇಕಾದವರು ಯಾರೂ ಅಲ್ಲಿರಲಿಲ್ಲ. ಮುದುಕ ಬಾಗಿಲ ಕಡೆ ತಿರುಗಿ ಮಗನನ್ನು ನೋಡಿದ. ಮಗ ಬಾಗಿಲ ಚೌಕಟ್ಟು ಹಿಡಿದು ಕಣ್ಣು ತಗ್ಗಿಸಿದ.

“ಬಲಗಡೆ ಸಾಲು ಉಳೀಲಿ. ಎಡಗಡೇದು ತಗೊಳ್ಳಿ. ಅದರಲ್ಲಿ ನನ್ನ ಮನೆ ಇದೆ” ಎಂದ ದೊಡ್ಡ ಬಡಗಿ.

ತನ್ನ ಮನೆಯನ್ನೇ ಕೊಟ್ಟ ಮಹಾನುಭಾವ ಎಂದು ದುಭಾಷಿ ಊರೆಲ್ಲ ಹೊಗಳಿಕೊಂಡು ತಿರುಗಿದ. ಬಲಸಾಲಿನವರು ಬಂದು ಕೈ ಹಿಡಿದುಕೊಂಡರು. ಆದರೆ ಅಂಗಳದಲ್ಲೇ ಸುದ್ದಿ ಕೇಳಿದ್ದ ಕಿರಿಯ ಕಮ್ಮಾರ ಅಂದು ಕೆಲಸದ ಮನೆಯೊಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ. ಕುರ್ಚಿ ಹೊತ್ತು ಹೋಗಿದ್ದ ಹೆಗಲಿನಲ್ಲಿ ಇನ್ನೂ ಕೆಂಪು ಗೆರೆಯಿತ್ತು.

“ನಿಮ್ಮ ಮನೆ ನೀವು ಕೊಟ್ರಿ, ದೊಡ್ಡ ಮನಸ್ಸು. ನನ್ನ ಕುಲುಮೆ ಕೊಡಿ ಅಂತ ನಾನು ಯಾವಾಗ ಹೇಳಿದ್ದೆ ಹಿರಿಯಪ್ಪ?”

ದೊಡ್ಡ ಬಡಗಿ ಎದ್ದು ನಿಂತ, ಕೂತ, ಮತ್ತೆ ಎದ್ದ. ಕಮ್ಮಾರ ಗೆಳೆಯನತ್ತ ತಿರುಗಿದ.

“ನೀನಲ್ಲೇ ಇದ್ಯಲ್ಲೋ. ಬಾಗಿಲಲ್ಲೇ ನಿಂತಿದ್ದೆ. ಒಂದು ಕೂಗು ಹಾಕಿದ್ರೆ ನಾನು ಅಂಗಳದಿಂದ ಓಡಿ ಬರ್ತಿರ್ಲಿಲ್ವಾ?”

ಹೇಳಿದವನು ಹೊರಟುಹೋದ. ಎಡಸಾಲು ಕೆಡವಿದರು. ಕಮ್ಮಾರ ನದಿಯ ಆಚೆ ಗುಡಿಸಲು ಹಾಕಿಕೊಂಡು ಅಲ್ಲೇ ಕುಲುಮೆ ಹೂಡಿದ. ಬಡಗಿಯ ಮನೆಯವರು ಬಲಸಾಲಿನ ಹಿಂದೆ ಒಂದು ತುಂಡು ಜಾಗದಲ್ಲಿ ಕಟ್ಟಿಕೊಂಡರು. ಅಂದಿನಿಂದ ಇವನು ಉಳಿಗೆ ಸಾಣೆ ತಾನೇ ಹಿಡಿದುಕೊಂಡ. ಹೆಂಡತಿ ಎರಡು ಸಲ ನದಿ ದಾಟಿ ಕಮ್ಮಾರನ ಹೆಂಡತಿಯನ್ನು ಮಾತಾಡಿಸಿ ಬಂದಳು. ಹೆಂಗಸರು ಅತ್ತರು, ಗಂಡಸರು ಬಿಗುಮಾನ ಬಿಡಲಿಲ್ಲ. ಸಂತೆಯಲ್ಲಿ ಎದುರಾದರೆ ಕಮ್ಮಾರ ಆ ಕಡೆಯ ಅಂಗಡಿ ನೋಡುವವನಂತೆ ಮುಖ ತಿರುಗಿಸುತ್ತಿದ್ದ.

ದೊಡ್ಡ ಬಡಗಿ ಆಮೇಲೆ ಸಭೆಗೆ ಹೋಗಲಿಲ್ಲ. ಕುರ್ಚಿ ಮಾತ್ರ ಕಚೇರಿಯಲ್ಲೇ ಉಳಿಯಿತು. ಹಾಸಿಗೆ ಹಿಡಿದ ಮೇಲೆ ಒಂದು ದಿನ ಮಗನ ಕೈ ಹಿಡಿದು ಹೇಳಿದ, “ಕುರ್ಚಿ ಚೆನ್ನಾಗಿತ್ತು ಕಣೋ. ನಿನ್ನ ಅಳತೇಲಿ ಒಂದು ಕೂದಲೆಳೆ ತಪ್ಪಿರ್ಲಿಲ್ಲ. ಒಬ್ಬನಿಗೇ ಮಾಡಿದ್ವಿ, ಅದೇ ತಪ್ಪಾಗಿದ್ದು.”

ಇಷ್ಟು ಹೇಳಿ ಗೋಡೆಯ ಕಡೆ ಮಗ್ಗುಲಾದ. ಮಗ ಆ ಮಾತನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ತುಂಬ ದಿನ ಹೇಳಲಿಲ್ಲ.

ಕಾಲ ಉರುಳಿತು. ಕುರ್ಚಿಗಳು ಗುಡ್ಡ ಇಳಿದು ಊರಿಗೆ ಬಂದವು. ಶಾಲೆಗೆ, ಕ್ಷೌರದಂಗಡಿಗೆ, ವೈದ್ಯರ ಮನೆಗೆ. ಕುರ್ಚಿಯಣ್ಣ ಎರಡು ಬಗೆಯನ್ನೂ ಮಾಡುತ್ತಿದ್ದ, ಇಕ್ಕಟ್ಟಿನದನ್ನೂ ಅಗಲದ್ದನ್ನೂ. ಕೊಳ್ಳುವವರನ್ನು ನೆಲದ ಮೇಲೆ ಕೂರಿಸಿ, ಕುರ್ಚಿಯ ಮೇಲೂ ಕೂರಿಸಿ, ಎರಡು ಸಲ ದಾರ ಹಿಡಿಯುತ್ತಿದ್ದ. ಹೊಸಕಾಲದ ಹುಡುಗರು ಬೂಟು ಹಾಕಿಕೊಂಡು ಬಂದು ಇಕ್ಕಟ್ಟಿನದನ್ನು ಕೊಂಡು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅದರ ಮೇಲೂ ಕಾಲು ಮಡಚುತ್ತಾರೆ, ಅದಕ್ಕೇ ಕುರ್ಚಿಯ ಕೈ ಮುರಿದುಕೊಂಡು ರಿಪೇರಿಗೆ ಬರುತ್ತಾರೆ ಎಂದು ಅವನ ಹೆಂಡತಿ ಗೇಲಿ ಮಾಡುತ್ತಿದ್ದಳು.

ಪರದೇಶದವರು ಒಂದು ದಿನ ಸಾಮಾನು ಕಟ್ಟಿಕೊಂಡು ಹಡಗು ಹತ್ತಿದರು. ಕಚೇರಿ ಅಲ್ಲೇ ಉಳಿಯಿತು, ಮೇಜೂ ಉಳಿಯಿತು. ದೊರೆಯ ಕುರ್ಚಿಯಲ್ಲಿ ಈಗ ನಮ್ಮವನೇ ಒಬ್ಬ ಅಧಿಕಾರಿ. ಮಾತು ನಮ್ಮದೇ, ದುಭಾಷಿಯ ಕಾಟವಿಲ್ಲ. ನಿಲ್ಲುವವರು ಮಾತ್ರ ಇನ್ನೂ ನಿಂತೇ ಇದ್ದರು.

ಆ ಅಧಿಕಾರಿ ಕುರ್ಚಿಯಜ್ಜನನ್ನು ಊರ ಸಭೆಗೆ ಕರೆಸಿದ. “ನಿಮ್ಮ ತಂದೆಯವರ ಜಾಗ. ನೀವೇ ಕೂರಬೇಕು” ಎಂದು ಅಗಲದ ಕುರ್ಚಿ ತೋರಿಸಿದ. ಅಜ್ಜ ತನ್ನ ಕೈಯಿಂದಲೇ ಆದ ಆ ಕುರ್ಚಿಯ ಮೇಲೆ ಜೀವಮಾನದಲ್ಲಿ ಮೊದಲ ಸಲ ಕೂತ. ಎಡಗಡೆ ಹಲಗೆ ತಗ್ಗಾಗಿತ್ತು, ಅಪ್ಪನ ಮಂಡಿಯ ಜಾಗ. ಅವನಿಗೆ ಅಲ್ಲೇ ಕಣ್ಣು ತುಂಬಿ ಬಂತು.

ಮೇಜಿನ ಮೇಲೆ ಮತ್ತೊಂದು ನಕ್ಷೆ. ನದಿಗೆ ಸೇತುವೆ ಬರುತ್ತದೆ, ಆಚೆ ದಡದಲ್ಲಿ ಕೆಲವು ಮನೆಗಳನ್ನು ಕೆಡವಬೇಕು. ಮೇಲಿನವೋ ಕೆಳಗಿನವೋ, ಹಿರಿಯರು ಹೇಳಬೇಕು. ಅಜ್ಜ ಬೆರಳಿಟ್ಟು ನೋಡಿದ. ಕೆಳಗಿನ ಸಾಲಿನಲ್ಲಿ ಒಂದು ಚೌಕ, ಅದರೊಳಗೆ ಕುಲುಮೆ ಎಂದು ಬರೆದಿತ್ತು.

“ಈ ಮನೆಯವರೆಲ್ಲಿ?” ಎಂದು ಕೇಳಿದ.

“ಅವರೆಲ್ಲ ಯಾಕೆ? ನೀವಿದ್ದೀರಲ್ಲ.”

“ನಾನು ಹೇಳಲ್ಲ ಸ್ವಾಮಿ. ಅವರನ್ನ ಕರೆಸಿ. ಇಲ್ಲಿ ಕೂರಿಸಿ. ಆಮೇಲೆ ಮಾತು.”

ಅಧಿಕಾರಿಗೆ ರೇಗಿತು. “ಅಷ್ಟು ಜನಕ್ಕೆ ಕುರ್ಚಿ ಎಲ್ಲಿಂದ ತರೋದು? ಇದೇನು ಛತ್ರವೇ?”

“ನನಗೆ ಮರ ಕೊಡಿ” ಎಂದ ಅಜ್ಜ. “ಅಲ್ಲೀವರೆಗೂ ಸಭೆ ಮುಂದಕ್ಕೆ ಹಾಕಿ. ನೀವು ಒಪ್ಪೋವರೆಗೂ ನಾನು ಈ ಕುರ್ಚಿಯಿಂದ ಏಳಲ್ಲ.” ಕಾಲು ಇನ್ನಷ್ಟು ಬಿಗಿಯಾಗಿ ಮಡಚಿಕೊಂಡು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಜವಾನರು ಎತ್ತಿ ಹೊರಗಿಡೋಣವೆಂದು ನೋಡಿದರು; ಕುರ್ಚಿ ಸಮೇತ ಎತ್ತಬೇಕು, ಅದೋ ಬಾಗಿಲಿಗಿಂತ ಅಗಲ, ಓರೆ ಮಾಡದೆ ಹೊರಗೆ ಹೋಗುವಂಥದ್ದಲ್ಲ. ಅಧಿಕಾರಿ ಗೊಣಗಿಕೊಂಡು ಮರ ಕೊಡುವ ಆದೇಶಕ್ಕೆ ಸಹಿ ಹಾಕಿದ.

ಅಜ್ಜ ಬೆಂಚು ಮಾಡಿದ. ಗೋಡೆಯಿಂದ ಗೋಡೆಗೆ, ಕೋಣೆಯ ಉದ್ದಕ್ಕೂ ಒಂದೇ ಹಲಗೆ. ಕಾಲು ಮಡಚಿ ಕೂರುವಷ್ಟು ಅಗಲ, ನಕ್ಷೆ ಕಾಣುವಷ್ಟು ಎತ್ತರ. ಈ ಸಲ ಯಾರ ಮಂಡಿಗೂ ದಾರ ಹಿಡಿಯಲಿಲ್ಲ. ಯಾರು ಬೇಕಾದರೂ ಬರಬಹುದು ಎಂದಾಗ ಯಾರನ್ನು ಅಳೆಯುವುದು? ಅಗಲದ ಕುರ್ಚಿಯನ್ನು ಬಿಚ್ಚಿ, ಆ ಕಪ್ಪು ಮರವನ್ನು ಬೆಂಚಿನ ಕಾಲುಗಳಿಗೇ ಬಳಸಿದ. ಹೆಂಡತಿ ಅಯ್ಯೋ ಎಂದಳು, ಆಮೇಲೆ ಅವಳೇ ಬಂದು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಸಭೆಯ ದಿನ ಅಜ್ಜ ಎಲ್ಲರಿಗಿಂತ ಮೊದಲು ಹೋಗಿ ಬೆಂಚಿನ ನಡುವೆ ಕೂತ. ಆಚೆ ದಡದವರು ಬಂದರು. ಬಾಗಿಲಲ್ಲಿ ನಿಂತರು, ಅಧಿಕಾರಿಯ ಮುಖ ನೋಡಿದರು, ಒಬ್ಬೊಬ್ಬರಾಗಿ ಹೆದರಿಕೊಂಡೇ ಹತ್ತಿ ಕೂತರು. ಎಲ್ಲರಿಗಿಂತ ಕೊನೆಗೆ ಕೋಲೂರಿಕೊಂಡು ಒಬ್ಬ ಮುದುಕ ಒಳಗೆ ಬಂದ. ಬೆನ್ನು ಗೂನಾಗಿತ್ತು, ಕುಲುಮೆಯ ಬೆಂಕಿಗೆ ಹುಬ್ಬು ಉದುರಿತ್ತು.

ಕಮ್ಮಾರ ಬೆಂಚಿನ ಉದ್ದಕ್ಕೂ ಕಣ್ಣು ಹಾಯಿಸಿದ. ತುದಿಯಲ್ಲಿ ಜಾಗವಿತ್ತು. ಅಲ್ಲಿಗೆ ಹೋಗಲಿಲ್ಲ. ಬಗ್ಗಿ, ಬೆಂಚಿನ ಕಪ್ಪು ಕಾಲನ್ನು ಬೆರಳಿನಿಂದ ತಟ್ಟಿ ನೋಡಿದ. ಯಾವ ಮರವೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಹೆಗಲ ಮೇಲೆ ಹೊತ್ತವನು. ಆಮೇಲೆ ನೆಟ್ಟಗಾಗಿ ಅಜ್ಜನ ಎದುರು ಬಂದು ನಿಂತ.

“ಸ್ವಲ್ಪ ಆ ಕಡೆ ಸರ್ಕೋ” ಎಂದ.

ಅಜ್ಜ ಸರಿದು ಕೂತ.